ಟಯರಿನ ಮೇಲಿನ ಹಳದಿ ಅಕ್ಷರ: ನನ್ನ ಅನುಭವ

ಮಾದರಿ ಕಾರಿನ ಮೈಬಣ್ಣ ಎಷ್ಟೇ ಚೆನ್ನಾಗಿ ಬಂದಿರಲಿ, ಟಯರ್ ಬರಿದಾಗಿದ್ದರೆ ಅದು ಆಟಿಕೆಯಂತೆಯೇ ಕಾಣುತ್ತದೆ. 1992ರ ಫಾರ್ಮುಲಾ 1 ರೇಸ್ ಕಾರು ವಿಲಿಯಮ್ಸ್ ಎಫ್‌ಡಬ್ಲ್ಯೂ14ಬಿಯನ್ನು 1/20 ಪ್ರಮಾಣದಲ್ಲಿ ಕಟ್ಟುವಾಗ ನನಗೆ ಇದು ಮನದಟ್ಟಾಯಿತು. ನೈಜೆಲ್ ಮ್ಯಾನ್ಸೆಲ್ ಆ ವರ್ಷ 9 ರೇಸ್ ಗೆದ್ದು ವಿಶ್ವ ಚಾಂಪಿಯನ್ ಆದದ್ದು ಇದೇ ಕಾರಿನಲ್ಲಿ. ಹಳೆಯ ಫೋಟೊ ಯಾವುದನ್ನೇ ತೆಗೆದು ನೋಡಿ, ಮೂತಿಯ ಮೇಲಿನ ಕೆಂಪು 5ರಷ್ಟೇ ಗಟ್ಟಿಯಾಗಿ ಕಣ್ಣಿಗೆ ಬೀಳುವುದು ಟಯರಿನ ಬದಿಯ ಹಳದಿ ‘ಗುಡ್‌ಇಯರ್’. ಆ ಅಕ್ಷರವಿಲ್ಲದೆ ಕಾರನ್ನು ಗಾಜಿನ ಪೆಟ್ಟಿಗೆಗೆ ಸೇರಿಸಲು ನನಗೆ ಮನಸ್ಸಾಗಲಿಲ್ಲ.

ಮೊದಲು ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್ ತರಿಸಿದೆ. ಅಂಟಿಸಿದ ದಿನ ಚೆನ್ನಾಗಿತ್ತು. ಆದರೆ ಟಯರ್ ಮೆತ್ತಗಿನ ವಿನೈಲ್, ಡಿಕಾಲಿನ ಪೊರೆಗೆ ಆ ಬಾಗುವ ಗುಣವಿಲ್ಲ. ಟಯರನ್ನು ಚಕ್ರಕ್ಕೆ ತೊಡಿಸುವಾಗಲೇ ಎರಡು ಅಕ್ಷರ ಬಿರುಕು ಬಿಟ್ಟವು. ಅಕ್ಷರದ ಸುತ್ತ ಪಾರದರ್ಶಕ ಪೊರೆಯ ಅಂಚು ಬೆಳ್ಳಗೆ ಮಿನುಗುತ್ತಿತ್ತು. ಅದನ್ನು ಕಿತ್ತು ಎನಾಮೆಲ್ ಬಣ್ಣದಲ್ಲಿ ಕೈಯಿಂದ ಬರೆದೆ. ಮೂರು ವಾರವಾದರೂ ಬೆರಳಿಗೆ ಅಂಟುತ್ತಲೇ ಇತ್ತು. ವಿನೈಲನ್ನು ಮೆತ್ತಗಿಡಲು ಬೆರೆಸುವ ಎಣ್ಣೆಯಂಥ ರಾಸಾಯನಿಕ ನಿಧಾನವಾಗಿ ಹೊರಬಂದು ಎನಾಮೆಲನ್ನು ಒಣಗಲು ಬಿಡುವುದಿಲ್ಲ. ಅಂದಿನಿಂದ ಟಯರಿಗೆ ಅಕ್ರಿಲಿಕ್ ಬಿಟ್ಟು ಬೇರೆ ಬಣ್ಣ ಮುಟ್ಟಿಲ್ಲ.

ಇನ್ನು ಉಳಿದದ್ದು ಅಚ್ಚು, ಅಂದರೆ ಅಕ್ಷರದ ಆಕಾರವನ್ನು ಕತ್ತರಿಸಿ ತೆಗೆದ ಸ್ಟೆನ್ಸಿಲ್. ವಾಹನಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಅಂಗಡಿಗೆ ಹೋದೆ. ನಿಜವಾದ ವಿಲಿಯಮ್ಸ್ ಕಾರಿನ ರಿಮ್ 13 ಇಂಚು. ಟಯರಿನ ಬದಿ ನನ್ನ 1/20 ಅಳತೆಯಲ್ಲಿ ಎಂಟು ಮಿಲಿಮೀಟರಿನ ಆಸುಪಾಸು, ಅಕ್ಷರದ ಎತ್ತರ ಸುಮಾರು ಮೂರು. ಅಂಗಡಿಯವರು ಕಾಗದ ನೋಡಿ, “ಸಾರ್, ಇಷ್ಟು ಸಣ್ಣದಕ್ಕೆ ಬ್ಲೇಡ್ ತಿರುಗುವುದಿಲ್ಲ” ಎಂದರು. ನನ್ನ ಒತ್ತಾಯಕ್ಕೆ ಕತ್ತರಿಸಿಯೂ ಕೊಟ್ಟರು. ಅವರು ಹೇಳಿದ್ದೇ ಸರಿ, ಇಂಗ್ಲಿಷಿನ ‘ಇ’ ಅಕ್ಷರದ ಕೈಗಳೆಲ್ಲ ಹರಿದಿದ್ದವು. ಕೊನೆಗೆ ತೆಳು ಹಿತ್ತಾಳೆಯ ಅಚ್ಚನ್ನು ಕೊಂಡೆ.

ಹಿತ್ತಾಳೆ ತಗಡು ಚಪ್ಪಟೆ, ಟಯರಿನ ಬದಿ ಉಬ್ಬು. ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಬಣ್ಣ ಒಳಕ್ಕೆ ಹರಿಯುತ್ತದೆ. ತಗಡನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಮಸುಕು ಕೆಂಪಾಗುವವರೆಗೆ ಕಾಯಿಸಿ, ತಣಿಯಲು ಬಿಟ್ಟೆ. ಕಾಯಿಸಿದ ಹಿತ್ತಾಳೆ ಮೆತ್ತಗಾಗುತ್ತದೆ. ಟಯರಿನ ಮೇಲೇ ಇಟ್ಟು ಹೆಬ್ಬೆರಳಿನಿಂದ ಸವರಿದರೆ ಅದೇ ಉಬ್ಬಿಗೆ ಕೂರುತ್ತದೆ. ಟಯರನ್ನು ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಚಕ್ರಕ್ಕೆ ತೊಡಿಸಿಯೇ ಕೆಲಸಕ್ಕೆ ಕೂರಬೇಕು. ಇಲ್ಲದಿದ್ದರೆ ಒತ್ತಿದಲ್ಲಿ ಅದು ಕುಗ್ಗುತ್ತದೆ.

ಬಣ್ಣವನ್ನು ಗಾಳಿಯ ಒತ್ತಡದಿಂದ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಹೊಡೆಯಬೇಕೆಂದಿದ್ದೆ. ಆಗ ನಮ್ಮ ಮಲೆನಾಡಿನಲ್ಲಿ ಆಷಾಢದ ಮಳೆ. ಕಂಪ್ರೆಸರ್ ಒತ್ತಿದ ಗಾಳಿಯಲ್ಲಿ ತೇವ ನೀರಾಗಿ, ಬಣ್ಣದ ಜೊತೆ ಹನಿ ಉಗುಳಿತು. ಒಂದು ಟಯರ್ ಕೆಟ್ಟಿತು. ಆಗ ನೆನಪಾದದ್ದು ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲಿ ಲಾರಿಗೆ ಬಣ್ಣ ಬರೆಯುತ್ತಿದ್ದವರ ಕೈ. ಅವರು ಅಚ್ಚಿಟ್ಟು, ಬಟ್ಟೆಯ ಉಂಡೆಯನ್ನು ಬಣ್ಣಕ್ಕೆ ಅದ್ದಿ, ಮೊದಲು ಹಳೆಯ ಪತ್ರಿಕೆಯ ಮೇಲೆ ಒತ್ತಿ ಒತ್ತಿ ಒಣಗಿಸಿ, ಆಮೇಲೆ ಲಾರಿಗೆ ಮುಟ್ಟಿಸುತ್ತಿದ್ದರು. ಅಂಚು ಕತ್ತರಿಸಿದಂತೆ ನಿಲ್ಲುತ್ತಿತ್ತು.

ನಾನೂ ಹಾಗೆಯೇ ಮಾಡಿದೆ. ಮೊಬೈಲ್ ಪೆಟ್ಟಿಗೆಯಲ್ಲಿ ಬಂದ ಸ್ಪಂಜನ್ನು ಕಡಲೆಕಾಳಿನಷ್ಟು ಕತ್ತರಿಸಿ ಚಿಮಟಿಗೆಯಲ್ಲಿ ಹಿಡಿದೆ. ಕಾಗದದ ಮೇಲೆ ಗುರುತು ಬೀಳುವುದು ಬಹುತೇಕ ನಿಂತ ಮೇಲೆ ಅಚ್ಚಿನ ಮೇಲೆ ನೇರ ಕೆಳಮುಖವಾಗಿ ತಟ್ಟಿದೆ. ಓರೆಯಾಗಿ ತಟ್ಟಿದರೆ ಅಂಚು ಕದಡುತ್ತದೆ. ಕಪ್ಪಿನ ಮೇಲೆ ಹಳದಿ ನಿಲ್ಲುವುದಿಲ್ಲ, ಪಾಚಿ ಹಸಿರಿನಂತೆ ಕಾಣುತ್ತದೆ. ಆದ್ದರಿಂದ ಮೊದಲು ಮೂರು ಸಲ ಬಿಳಿ, ಪ್ರತಿ ಸಲವೂ ಕೆಲ ನಿಮಿಷ ಒಣಗಲು ಬಿಟ್ಟು, ಅಚ್ಚು ಅಲುಗಿಸದೆ ಮೇಲೆ ನಾಲ್ಕು ಸಲ ಹಳದಿ. ಹಳದಿಗೆ ಚೂರು ಬಿಳಿ, ಸೂಜಿಮೊನೆಯಷ್ಟು ಕಾವಿ ಬೆರೆಸಿದೆ. ಸೀಸೆಯಿಂದ ಬಂದ ಶುದ್ಧ ಹಳದಿ ಅಂಗಡಿಯ ಬೋರ್ಡಿನಂತೆ ಕೂಗುತ್ತದೆ, ರೇಸಿನ ಟಯರಿನದು ಅಷ್ಟು ಕೂಗುವುದಿಲ್ಲ.

ಅಚ್ಚನ್ನು ಎತ್ತಿದಾಗ ಇಂಗ್ಲಿಷಿನ ‘ಒ’, ‘ಡಿ’, ‘ಎ’, ‘ಆರ್’ ಅಕ್ಷರಗಳಲ್ಲಿ ಸಣ್ಣ ಕಪ್ಪು ಸೀಳುಗಳಿದ್ದವು. ಒಳಗಿನ ತುಂಡು ಉದುರದಂತೆ ಹಿಡಿದಿಡುವ ತಂತಿಯಂಥ ಸೇತುವೆಗಳ ಗುರುತು ಅದು. ಇವನ್ನು ಹಾಗೇ ಬಿಡುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಇಡೀ ಶ್ರಮವನ್ನು ಹಾಳುಮಾಡುತ್ತದೆ. ಭೂತಗನ್ನಡಿಯ ಕೆಳಗೆ, ಮೂರು ಸೊನ್ನೆ (000) ಗಾತ್ರದ ಅತಿ ಸಣ್ಣ ಕುಂಚದ ತುದಿಯಿಂದ ಒಂದೊಂದನ್ನೇ ಮುಚ್ಚಿದೆ. ಒಂದು ಟಯರಿಗೆ ಒಂದು ಸಂಜೆ ಹಿಡಿಯಿತು. ‘ಗುಡ್’ ಮತ್ತು ‘ಇಯರ್’ ನಡುವೆ ರೆಕ್ಕೆಯುಳ್ಳ ಪಾದದ ಗುರುತಿದೆ, ರೋಮನ್ನರ ದೇವದೂತ ಮರ್ಕ್ಯುರಿಯ ಪಾದ. ಅದರ ರೆಕ್ಕೆಯ ಗರಿಗಳನ್ನು ಬೇರೆ ಬೇರೆಯಾಗಿ ತೋರಿಸಲು ಕಪ್ಪು ಬಣ್ಣದಲ್ಲಿ ಎರಡು ಗೆರೆ ಎಳೆದೆ.

ಸಾಮಾನ್ಯ ರಸ್ತೆಯ ಕಾರುಗಳ ಬಿಳಿ ಅಕ್ಷರದ ಟಯರ್ ಮಾಡುವವರಿಗೆ ಈ ದಾರಿ ಬೇಡ. ಅಲ್ಲಿ ಅಕ್ಷರ ಉಬ್ಬಿರುತ್ತದೆ. ನಿಜವಾದ ಟಯರಿನಲ್ಲೂ ಕಪ್ಪು ರಬ್ಬರಿನ ತೆಳು ಪದರವನ್ನು ಉಜ್ಜಿ ತೆಗೆದಾಗ ಒಳಗಿನ ಬಿಳಿ ರಬ್ಬರ್ ಕಾಣುತ್ತದೆ. ಮಾದರಿಯಲ್ಲಿ ಉಬ್ಬಿನ ತಲೆಗೆ ಮಾತ್ರ ಒಣ ಸ್ಪಂಜು ಸವರಿದರೆ ಸಾಕು. ಪೂರ್ತಿ ಅಚ್ಚ ಬಿಳಿ ಬೇಡ, ತುಸು ಬೂದು ಬೆರೆಸಿ.

ಕೊನೆಗೆ ನೆಲ ಮುಟ್ಟುವ ಭಾಗವನ್ನು 400ರ ಉಪ್ಪುಕಾಗದದಿಂದ ಉಜ್ಜಿದೆ. 1992ರಲ್ಲಿ ಒಣ ಟ್ರ್ಯಾಕಿನ ಟಯರಿಗೆ ಗೀರುಗಳಿರಲಿಲ್ಲ, ಪೂರ್ತಿ ನುಣುಪು. ಆದರೆ ಓಡಿದ ಟಯರಿಗೆ ಹೊಳಪಿರುವುದಿಲ್ಲ. ಅಕ್ಷರದ ಮೇಲೆ ಮ್ಯಾಟ್ ವಾರ್ನಿಷ್, ಅದರ ಮೇಲೆ ಚಿಟಿಕೆ ಬೂದು ಪುಡಿ. ನಾಲ್ಕು ಚಕ್ರ ಜೋಡಿಸುವಾಗ ಅಕ್ಷರಗಳನ್ನು ಒಂದೇ ಸಾಲಿಗೆ ತರಲಿಲ್ಲ. ಓಡಿ ಬಂದು ನಿಂತ ಕಾರಿನಲ್ಲಿ ಅವು ಹಾಗೆ ಸಾಲಾಗಿ ನಿಲ್ಲುವುದಿಲ್ಲ. ಮುಂದಿನ ಎಡ ಚಕ್ರದಲ್ಲಿ, ಗುಡ್‌ಇಯರ್ ಜೊತೆ ಟಯರಿನ ಮೇಲಿರುವ ಇನ್ನೊಂದು ಹೆಸರು ‘ಈಗಲ್’ ಮೇಲಿದೆ, ಹಿಂದಿನದರಲ್ಲಿ ಅದು ನೆಲಕ್ಕೆ ತಾಗುವಂತಿದೆ.