ಟರ್ಕಿ ಕೋಳಿ ಮೂಳೆಯ ಸೂಪು: ಹಬ್ಬದ ಮಾರನೇ ದಿನದ ನನ್ನ ಅನುಭವ

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ಬೆಳಗ್ಗೆ ನಮ್ಮ ಮನೆ ಫ್ರಿಜ್ಜಿನಲ್ಲಿ ಹಾಲಿಡಲೂ ಜಾಗ ಇರುವುದಿಲ್ಲ. ಅರ್ಧಕ್ಕರ್ಧ ಟರ್ಕಿ ಕೋಳಿ ಉಳಿದಿರುತ್ತದೆ. ನಾವಿರುವುದು ಮಿನೆಸೋಟಾ ರಾಜ್ಯದಲ್ಲಿ, ಮಿನಿಯಾಪೊಲಿಸ್ ಹತ್ತಿರ. ಇಲ್ಲಿ ಟರ್ಕಿ ಸಾಕಣೆ ದೊಡ್ಡ ಕಸುಬು. ನವೆಂಬರ್ ನಾಲ್ಕನೇ ಗುರುವಾರ ಬಂತೆಂದರೆ ಊರಿಗೆ ಊರೇ ಓವನ್ ಹಚ್ಚುತ್ತದೆ. ನಾನು ತರುವುದು 14 ಪೌಂಡಿನ ಹಕ್ಕಿ, ಅಂದರೆ ಆರು ಕೆಜಿಗೂ ಜಾಸ್ತಿ. ಎಂಟು ಜನ ಹೊಟ್ಟೆ ತುಂಬಾ ತಿಂದ ಮೇಲೂ ಮಿಕ್ಕುತ್ತದೆ.

ಮೊದಲ ವರ್ಷ ಉಳಿದ ಮಾಂಸ ಬಿಡಿಸಿ ಡಬ್ಬಿಗೆ ಹಾಕಿ, ಮೂಳೆಯನ್ನೆಲ್ಲ ಕಸಕ್ಕೆ ಹಾಕಿದ್ದೆ. ರಾತ್ರಿ ಮಂಡ್ಯಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ, ‘ಅಯ್ಯೋ, ಮೂಳೆ ಬಿಸಾಕ್ಬುಟ್ಯಾ? ಸಾರಿನ ರುಚಿಯೆಲ್ಲ ಅದ್ರಲ್ಲೇ ಇರೋದು ಕಣವ್ವ’ ಅಂದಳು. ಹೊಸತೊಡಕಿನ ದಿನ ನಮ್ಮನೆಯಲ್ಲಿ ಮೂಳೆ ಸಾರಿಗೇ ಮೊದಲು ಕೈ ಹೋಗುತ್ತಿತ್ತು. ಅದು ಗೊತ್ತಿದ್ದೂ ಇಲ್ಲಿಗೆ ಬಂದು ಮರೆತಿದ್ದೆ. ಅಮ್ಮನ ಆ ಒಂದು ಮಾತು ಹಿಡಿದುಕೊಂಡೇ ಈ ಸೂಪು ಕಲಿತೆ. ಪದ್ಧತಿ ಮಾತ್ರ ಇಲ್ಲಿನದು. ಪಕ್ಕದ ಮನೆಯ ಅಜ್ಜಿಯೊಬ್ಬರು ತಮ್ಮ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ತೋರಿಸಿಕೊಟ್ಟರು.

ಕೆಲಸ ಶುರುವಾಗುವುದು ಗುರುವಾರ ರಾತ್ರಿಯೇ. ಊಟ ಮುಗಿದು ಎಲ್ಲರೂ ಸೋಫಾಕ್ಕೆ ಒರಗಿದಾಗ ನಾನು ಹಕ್ಕಿಯ ಹತ್ತಿರ ಹೋಗುತ್ತೇನೆ. ಓವನ್ನಿನಿಂದ ತೆಗೆದ ಎರಡು ಗಂಟೆಯೊಳಗೆ ಮಾಂಸವೂ ಮೂಳೆಯೂ ಫ್ರಿಜ್ ಸೇರಬೇಕು. ಇದರಲ್ಲಿ ನನಗೆ ಯಾವ ರಾಜಿಯೂ ಇಲ್ಲ. ಬೆಚ್ಚಗಿನ ಮಾಂಸದಲ್ಲಿ ರೋಗಾಣು ಬಲು ಬೇಗ ಬೆಳೆಯುತ್ತವೆ. ಎದೆಯ ಮಾಂಸ ಒಂದು ಡಬ್ಬಿಗೆ, ತೊಡೆಯ ಮಾಂಸ ಇನ್ನೊಂದಕ್ಕೆ. ಡಬ್ಬಿಗಳು ಅಗಲವಾಗಿ, ಕಡಿಮೆ ಎತ್ತರದವಾಗಿದ್ದರೆ ಬೇಗ ತಣಿಯುತ್ತದೆ. ಹಕ್ಕಿಯ ಹೊಟ್ಟೆಯಲ್ಲಿ ಬ್ರೆಡ್ಡಿನ ಸ್ಟಫಿಂಗ್ ಉಳಿದಿದ್ದರೆ ಒಂದು ಚೂರೂ ಬಿಡದೆ ಕೆರೆದು ತೆಗೆಯಿರಿ. ಒಂದು ವರ್ಷ ಹಾಗೇ ಬಿಟ್ಟು ಕುದಿಸಿ, ಸೂಪು ಅಂಬಲಿಯ ಹಾಗೆ ಆಗಿತ್ತು.

ಶುಕ್ರವಾರ ಬೆಳಗ್ಗೆ ಕಾಫಿ ಕುಡಿದು ಮೂಳೆಗೂಡಿಗೆ ಕೈ ಹಾಕುತ್ತೇನೆ. ಇಡಿಯಾಗಿ ಅದು ಯಾವ ಪಾತ್ರೆಗೂ ಹಿಡಿಸುವುದಿಲ್ಲ. ಬೆನ್ನುಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿದರೆ ಲಟಕ್ ಅಂತ ಮುರಿಯುತ್ತದೆ. ರೆಕ್ಕೆ, ಕಾಲಿನ ಕೀಲುಗಳಿಗೆ ಅಡುಗೆಮನೆ ಕತ್ತರಿ ಸಾಕು. ಹಕ್ಕಿ ಕೊಂಡಾಗ ಒಳಗೆ ಒಂದು ಪೊಟ್ಟಣದಲ್ಲಿ ಕತ್ತು, ಗುಂಡಿಗೆ, ಈಲಿ ಇಟ್ಟಿರುತ್ತಾರೆ. ಕತ್ತನ್ನು ಹಕ್ಕಿಯ ಜೊತೆಗೇ ಓವನ್ನಿನಲ್ಲಿ ಸುಟ್ಟುಕೊಂಡಿರುತ್ತೇನೆ, ಅದು ಪಾತ್ರೆಗೆ ಹೋಗುತ್ತದೆ. ಈಲಿ ಬೇಡ, ಕಹಿ ಬಿಡುತ್ತದೆ.

ದೊಡ್ಡ ಪಾತ್ರೆಯಲ್ಲಿ ಮೂಳೆ ಹಾಕಿ, ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ತಣ್ಣೀರು ಹೊಯ್ಯುತ್ತೇನೆ. ನನ್ನ ಪಾತ್ರೆಗೆ ಸುಮಾರು 4 ಲೀಟರ್. ಎರಡು ಈರುಳ್ಳಿ ಸಿಪ್ಪೆ ಸಮೇತ ಅರ್ಧಕ್ಕೆ ಹೆಚ್ಚಿದ್ದು, ಎರಡು ಕ್ಯಾರೆಟ್, ಸೆಲೆರಿ ಎರಡು ದಂಟು, ಒಂದು ಪಲಾವ್ ಎಲೆ, ಹತ್ತು ಕಾಳು ಮೆಣಸು. ಈರುಳ್ಳಿ ಸಿಪ್ಪೆಯಿಂದ ಒಳ್ಳೆ ಹೊಂಬಣ್ಣ ಬರುತ್ತದೆ. ಉಪ್ಪು ಮಾತ್ರ ಹಾಕಬೇಡಿ. ಅಂಗಡಿಯ ಎಷ್ಟೋ ಟರ್ಕಿಗಳಿಗೆ ಮೊದಲೇ ಉಪ್ಪುನೀರು ಸೇರಿಸಿರುತ್ತಾರೆ. ಮನೆಯಲ್ಲಿ ನಾವೂ ಉಪ್ಪು ಸವರಿ ಸುಟ್ಟಿರುತ್ತೇವೆ. ಜೊತೆಗೆ ನೀರು ಬತ್ತಿದಷ್ಟೂ ಉಪ್ಪು ಏರುತ್ತದೆ.

ಇನ್ನು ಉರಿಯ ವಿಷಯ. ಕುಕ್ಕರಿನಲ್ಲಿ ಮಾಂಸ ಬೇಯಿಸಿ ಅಭ್ಯಾಸವಾದ ನನಗೆ ಇದೇ ಕಷ್ಟವಾಗಿದ್ದು. ಮೊದಲ ಕುದಿ ಬರುವ ಹೊತ್ತಿಗೆ ಬೂದುಬಣ್ಣದ ನೊರೆ ಮೇಲೆ ಬರುತ್ತದೆ, ಅದನ್ನು ಸೌಟಿನಲ್ಲಿ ತೆಗೆದು ಹಾಕಬೇಕು. ಆಮೇಲೆ ಉರಿ ತೀರಾ ಸಣ್ಣಗೆ. ಎಷ್ಟು ಸಣ್ಣಗೆ ಅಂದರೆ, ಪಾತ್ರೆಯ ಒಂದು ಮೂಲೆಯಲ್ಲಿ ಗುಳ್ಳೆಯೊಂದು ಎದ್ದು ಒಡೆಯಬೇಕು, ನೀವು ಉಸಿರೆಳೆದು ಬಿಡುವಷ್ಟರಲ್ಲಿ ಇನ್ನೊಂದು ಏಳಬೇಕು. ಅಷ್ಟೇ. ಕೊತಕೊತ ಕುದಿಸಿದರೆ ಕೊಬ್ಬು ನೀರಿನಲ್ಲಿ ಒಡೆದು ಬೆರೆತು ಸೂಪು ಕಲಕಾಗುತ್ತದೆ, ಬಾಯಿಗೆ ಜಿಡ್ಡು ಹತ್ತುತ್ತದೆ. ಹೀಗೆ ಮೂರು ಗಂಟೆ. ಕೀಲು, ಚರ್ಮ, ನರಗಳಲ್ಲಿರುವ ಕೊಲಾಜೆನ್ ಮೆಲ್ಲಗೆ ಕರಗಿ ಜೆಲಾಟಿನ್ ಆಗಲು ಅಷ್ಟು ಹೊತ್ತು ಬೇಕು. ಸೂಪು ತುಟಿಗೆ ಹಿತವಾಗಿ ಅಂಟುವುದು ಅದರಿಂದಲೇ.

ಈ ಮೂರು ಗಂಟೆಯಲ್ಲಿ ಬಿಡಿಸಿದ ಮಾಂಸ ಪಾತ್ರೆಗೆ ಹೋಗಕೂಡದು. ಎರಡನೇ ವರ್ಷ ನಾನು ಎಲ್ಲವನ್ನೂ ಒಟ್ಟಿಗೆ ಹಾಕಿದ್ದೆ. ಎದೆಯ ಮಾಂಸ ತೆಂಗಿನ ನಾರಾಯಿತು, ಜಗಿದಷ್ಟೂ ರುಚಿಯಿಲ್ಲ. ಅದು ಒಮ್ಮೆ ಬೆಂದ ಮಾಂಸ, ಅದಕ್ಕೆ ಬೇಕಾಗಿರುವುದು ಕೊನೆಯಲ್ಲಿ ಬಿಸಿ ಮಾತ್ರ.

ಸೋಸಿದ ನೀರು ಬೇಗ ತಣಿಯಬೇಕು. ನಮ್ಮಲ್ಲಿ ಕೆಲವು ವರ್ಷ ಆ ಹೊತ್ತಿಗೆ ಹಿಮ ಬಿದ್ದಿರುತ್ತದೆ. ಮಕ್ಕಳು ಬಕೆಟ್ಟಿನಲ್ಲಿ ಹಿಮ ತುಂಬಿಕೊಂಡು ಬಂದು ಸಿಂಕಿಗೆ ಸುರಿಯುತ್ತಾರೆ, ಅದರ ನಡುವೆ ಪಾತ್ರೆ ಇಟ್ಟು ಸೌಟಾಡಿಸುತ್ತೇನೆ. ಅರ್ಧ ಗಂಟೆಯಲ್ಲಿ ಕೈ ಮುಟ್ಟುವಷ್ಟಾಗುತ್ತದೆ. ಐಸ್ ತುಂಡುಗಳಾದರೂ ಸರಿ. ಆಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿ. ಶನಿವಾರ ಮುಚ್ಚಳ ತೆಗೆದಾಗ ಮೇಲೆ ಹಳದಿ ಕೊಬ್ಬು ತಟ್ಟೆಯ ಹಾಗೆ ಗಟ್ಟಿ ನಿಂತಿರುತ್ತದೆ. ಚಮಚದಲ್ಲಿ ಎತ್ತಿದರೆ ಕೆಳಗೆ ಕಂದುಬಣ್ಣದ ಜೆಲ್ಲಿ. ಪಾತ್ರೆ ಅಲ್ಲಾಡಿಸಿದರೆ ಗಡಗಡ ನಡುಗುತ್ತದೆ. ಅದನ್ನು ನೋಡಿದಾಗ ಆಗುವ ಸಂತೋಷ ಇಷ್ಟು ವರ್ಷವಾದರೂ ಕಡಿಮೆಯಾಗಿಲ್ಲ.

ಈಗ ವೈಲ್ಡ್ ರೈಸ್. ಮಿನೆಸೋಟಾದವರ ಸೂಪಿಗೆ ಇದೇ ಜೀವ. ಹೆಸರಿನಲ್ಲಿ ಅಕ್ಕಿ ಅಂತಿದ್ದರೂ ಇದು ನಮ್ಮ ಭತ್ತದ ಅಕ್ಕಿಯಲ್ಲ, ಕೆರೆಗಳಲ್ಲಿ ಬೆಳೆಯುವ ಒಂದು ಹುಲ್ಲಿನ ಕಾಳು. ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರಿಗೆ ಇದು ಪವಿತ್ರ ಆಹಾರ, ಮನೂಮಿನ್ ಅನ್ನುತ್ತಾರೆ. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಇಬ್ಬರಿಬ್ಬರಾಗಿ ಸಣ್ಣ ದೋಣಿಯಲ್ಲಿ ಹೋಗುತ್ತಾರೆ. ಒಬ್ಬರು ಗಳದಿಂದ ದೋಣಿ ನೂಕುತ್ತಾರೆ. ಇನ್ನೊಬ್ಬರು ಒಂದು ಕೋಲಿನಿಂದ ತೆನೆ ಬಾಗಿಸಿ, ಇನ್ನೊಂದರಿಂದ ಮೆಲ್ಲಗೆ ತಟ್ಟಿ ಕಾಳು ದೋಣಿಯೊಳಗೆ ಉದುರಿಸುತ್ತಾರೆ. 1977ರಿಂದ ಇದು ಮಿನೆಸೋಟಾದ ರಾಜ್ಯ ಧಾನ್ಯ. ಅಂಗಡಿಯಲ್ಲಿ ಸಿಗುವ ಕರ್ರಗೆ ಹೊಳೆಯುವ ಕಾಳು ಸಾಮಾನ್ಯವಾಗಿ ಗದ್ದೆಯಲ್ಲಿ ಬೆಳೆಸಿದ್ದು, ಬೇಯಲು ಮುಕ್ಕಾಲು ಗಂಟೆಗೂ ಜಾಸ್ತಿ ಬೇಕು. ಕೆರೆಯಲ್ಲಿ ಕೈಯಿಂದ ಕೊಯ್ದು, ಸೌದೆ ಉರಿಯಲ್ಲಿ ಹುರಿದ ಕಾಳು ತಿಳಿಗಂದು ಬಣ್ಣ, ಅರ್ಧ ಗಂಟೆಯೊಳಗೇ ಬೇಯುತ್ತದೆ. ಬೆಲೆ ಜಾಸ್ತಿ. ಆದರೂ ವರ್ಷಕ್ಕೊಮ್ಮೆ ಈ ಸೂಪಿಗೆ ನಾನು ಅದನ್ನೇ ತರುತ್ತೇನೆ. ಅದರ ಹೊಗೆಯ ಘಮ ಇನ್ನೊಂದರಲ್ಲಿಲ್ಲ.

ಒಂದು ಲೋಟ ಕಾಳನ್ನು ಪ್ರತ್ಯೇಕವಾಗಿ ನಾಲ್ಕು ಲೋಟ ನೀರಿನಲ್ಲಿ ಬೇಯಿಸಿ ಬಸಿಯುತ್ತೇನೆ. ಕಾಳು ಬಾಯಿ ಬಿಟ್ಟು, ಒಳಗಿನ ಬಿಳಿ ಕಂಡರೆ ಹದ. ಸೂಪಿನಲ್ಲೇ ಬೇಯಿಸಿದರೆ ಅದು ರಸವನ್ನೆಲ್ಲ ಕುಡಿದುಬಿಡುತ್ತದೆ, ಮಾರನೇ ದಿನಕ್ಕೆ ಬಿಸಿಬೇಳೆ ಬಾತಿನಷ್ಟು ಗಟ್ಟಿ.

ಮಿಕ್ಕಿದ್ದು ಸಲೀಸು. ನಾಲ್ಕು ಚಮಚ ಬೆಣ್ಣೆಯಲ್ಲಿ ಈರುಳ್ಳಿ, ಕ್ಯಾರೆಟ್, ಸೆಲೆರಿ, ಒಂದು ಹಿಡಿ ಅಣಬೆ ಬಾಡಿಸಿ. ಅಣಬೆ ಬಿಟ್ಟ ನೀರು ಹಿಂಗಿದ ಮೇಲೆ ಮೂರು ಚಮಚ ಮೈದಾ ಉದುರಿಸಿ, ಹಸಿ ವಾಸನೆ ಹೋಗುವವರೆಗೆ ಹುರಿಯಿರಿ. ಜೆಲ್ಲಿಯಾದ ರಸವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಗಂಟಾಗದ ಹಾಗೆ ಕೈಯಾಡಿಸಿ. ಎರಡು ಲೀಟರ್ ಸಾಕು. ಕಾಲು ಗಂಟೆ ಕುದ್ದ ಮೇಲೆ ಬೆಂದ ಕಾಳು, ಆಮೇಲೆ ಮಾಂಸ. ತೊಡೆಯದನ್ನು ಜಾಸ್ತಿ ಹಾಕಿ, ಅದು ಒಣಗುವುದಿಲ್ಲ. ಉರಿ ತಗ್ಗಿಸಿ ಅರ್ಧ ಲೋಟ ಕ್ರೀಮ್. ಉಪ್ಪು ಈಗ, ರುಚಿ ನೋಡಿಕೊಂಡು. ಅಜ್ಜಿ ಥೈಮ್ ಸೊಪ್ಪು ಹಾಕುತ್ತಾರೆ. ನಾನು ಅದರ ಜೊತೆ ಕುಟ್ಟಿದ ಮೆಣಸು ಧಾರಾಳವಾಗಿ ಹಾಕಿ, ಇಳಿಸುವಾಗ ಅರ್ಧ ನಿಂಬೆ ಹಿಂಡುತ್ತೇನೆ. ಮೊದಲ ಸಲ ಅಜ್ಜಿಗೆ ಕೊಡುವಾಗ ನಿಂಬೆ ಅವರಿಗೆ ಹಿಡಿಸುತ್ತದೋ ಇಲ್ಲವೋ ಅಂತ ಅಳುಕಿತ್ತು. ಅವರು ಬಟ್ಟಲು ಖಾಲಿ ಮಾಡಿ, ಇನ್ನೊಂದು ಸೌಟು ಹಾಕಿಸಿಕೊಂಡರು.

ಫ್ರಿಜ್ಜಿನಲ್ಲಿಟ್ಟ ಬೆಂದ ಟರ್ಕಿ ಮೂರು-ನಾಲ್ಕು ದಿನಕ್ಕಿಂತ ಇಡಬೇಡಿ. ಸೋಮವಾರದೊಳಗೆ ನಮ್ಮನೆಯಲ್ಲಿ ಎಲ್ಲ ಮುಗಿಯುತ್ತದೆ. ಮಿಕ್ಕ ರಸವನ್ನು ಮಾತ್ರ, ಕ್ರೀಮ್, ಕಾಳು ಸೇರಿಸದೆ, ಡಬ್ಬಿಗಳಲ್ಲಿ ಬಾಯಿ ಹತ್ತಿರ ಒಂದು ಬೆರಳು ಜಾಗ ಬಿಟ್ಟು ಫ್ರೀಜರಿಗೆ ಹಾಕುತ್ತೇನೆ. ಹೆಪ್ಪುಗಟ್ಟುವಾಗ ಉಬ್ಬುತ್ತದಲ್ವಾ, ಅದಕ್ಕೆ. ಫೆಬ್ರವರಿಯಲ್ಲಿ ಹೊರಗೆ ಮೈನಸ್ 25 ಡಿಗ್ರಿ ಇರುವ ಸಂಜೆ ಒಂದು ಡಬ್ಬಿ ತೆಗೆದು ಚೆನ್ನಾಗಿ ಕುದಿಸಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ಹಾಕಿ ಒಗ್ಗರಣೆ ಕೊಡುತ್ತೇನೆ. ಆ ದಿನ ಜೊತೆಗೆ ರಾಗಿ ಮುದ್ದೆ.