ಜುಲೈಯಲ್ಲಿ, ಹಗಲಲ್ಲೇ ಸಲಾಲಾಕ್ಕೆ

ಜುಲೈಯಲ್ಲಿ ಮಸ್ಕತ್‌ನಿಂದ ಒಮಾನಿನ ದಕ್ಷಿಣದ ಸಲಾಲಾಕ್ಕೆ ಹಗಲಿನಲ್ಲೇ ಹೋಗುತ್ತೇನೆ, ಅದೂ ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ ಕಾರಿನಲ್ಲಿ ಎಂದಾಗ ಇಲ್ಲಿನ ನಮ್ಮವರು ನಕ್ಕರು. ರಾತ್ರಿ ತಂಪು, ರಾತ್ರಿಯೇ ಹೊರಡು ಎಂಬುದು ಎಲ್ಲರ ವಾದ. ತಂಪು ನಿಜ. ಆದರೆ ನಡುದಾರಿಯ ಮರುಭೂಮಿಯ ಊರು ಹೈಮಾದ ಆಚೆ ಕತ್ತಲಲ್ಲಿ ಒಂಟೆ ಅಡ್ಡ ಬಂದರೆ ದೀಪಕ್ಕೆ ಕಾಣುವುದು ಅದರ ಕಾಲು ಮಾತ್ರ. ಕಾಲಿಗೆ ಗುದ್ದಿದರೆ ಇಡೀ ಮೈ ಮುಂದಿನ ಗಾಜಿನ ಮೇಲೆ.

ಹಗಲಿಗೆ ಬೇಕಾದದ್ದು ಟಯರು. ಹಳೆಯ ಟಯರು ಕೊಂಡು ಐವತ್ತು ರಿಯಾಲ್ ಉಳಿಸಿದ ವರ್ಷ ದಾರಿಯ ಆದಮ್ ಊರು ದಾಟುತ್ತಲೇ ಒಂದರ ಸಿಪ್ಪೆ ಸುಲಿದು ಬಂತು. ಸ್ಟೆಪ್ನಿಯೂ ಅದೇ ಕಾಲದ್ದು, ಹೆಚ್ಚು ಬಾಳಲಿಲ್ಲ. ಕಾರನ್ನು ಎಳೆಸಿ ತರಲು ತೊಂಬತ್ತರ ಹತ್ತಿರ ತೆತ್ತೆ. ಈಗ ಟಯರಿನ ಮಗ್ಗುಲಿನ ನಾಲ್ಕಂಕಿ ಓದದೆ ಕೊಳ್ಳುವುದಿಲ್ಲ: 1823 ಎಂದಿದ್ದರೆ 2023ರ 18ನೇ ವಾರದ ಮಾಲು.

ಬೇಸಿಗೆಯೆಂದು ಗಾಳಿ ಇಳಿಸುವವರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಬೆಳಗಿನ ಜಾವ 33 ಪಿಎಸ್‌ಐ ಇದ್ದ ಒತ್ತಡ ಮಧ್ಯಾಹ್ನ 38, 39 ತೋರಿಸುತ್ತದೆ. ಪಂಪಿನ ಹುಡುಗ ಇಳಿಸಲು ಕೈ ಹಾಕಿದರೆ ಬಿಡಬೇಡಿ. ಇಳಿಸಿದ ಟಯರಿನ ಮಗ್ಗುಲು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಒಡೆಯುವುದೇ ಆಗ. ಮರಳಿಗಿಳಿಯುವ ಮಾತು ಬೇರೆ. ಒಮ್ಮೆ ಎರಡಕ್ಕೆ ನೈಟ್ರೋಜನ್, ಎರಡಕ್ಕೆ ಸಾದಾ ಗಾಳಿ ತುಂಬಿಸಿ ನೋಡಿದೆ. ಬಿಸಿಲಿನ ಬದಿ, ನೆರಳಿನ ಬದಿ ಎಂಬ ತಕರಾರು ಬರದಂತೆ ಮೂಲೆಯಿಂದ ಮೂಲೆಗೆ. ಮೀಟರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡಿಗೆ ಎರಡು ಶವರ್ಮಾ ಬರುತ್ತಿತ್ತು.

ಎಂಜಿನ್ ಕಾದಾಗ ಗ್ಯಾರೇಜಿನವರು ರೇಡಿಯೇಟರೇ ಹೋಗಿದೆ ಎಂದು ಅರವತ್ತು ರಿಯಾಲ್ ಹೇಳಿದ್ದರು. ಸತ್ತದ್ದು ಮುಚ್ಚಳದ ರಬ್ಬರು. ಒತ್ತಡ ನಿಲ್ಲದಿದ್ದರೆ ಕೂಲೆಂಟ್ ಬೇಗ ಕುದಿಯುತ್ತದೆ. ಎರಡು ರಿಯಾಲಿನ ಮುಚ್ಚಳದಲ್ಲಿ ಕೆಲಸ ಮುಗಿಯಿತು. ಆದರೂ ಮುಳ್ಳು ಏರತೊಡಗಿದರೆ ಏಸಿ ಆರಿಸಿ, ಎಂಜಿನ್ನಿನ ಬಿಸಿ ಒಳಗೆ ಹರಿಯಲೆಂದು ಹೀಟರನ್ನು ಪೂರ್ತಿ ತಿರುಗಿಸುತ್ತೇನೆ, ಹೆಂಡತಿಯ ಬೈಗುಳ ಕೇಳಿಕೊಂಡು.

ನೀರು ತಲೆಗೆ ಹತ್ತು ಲೀಟರ್, ಪೆಟ್ರೋಲ್ ಅರ್ಧಕ್ಕಿಳಿದರೆ ಭರ್ತಿ, ಕೆಟ್ಟು ನಿಂತರೆ ಕಾರು ಬಿಟ್ಟು ನಡೆಯುವಂತಿಲ್ಲ. ಮಧ್ಯಾಹ್ನ ಎರಡು ತಾಸು ಯಾವ ನೆರಳಿನಲ್ಲಿ ನಿಲ್ಲುತ್ತೇನೆಂದು ಮಾತ್ರ ಹೇಳಲಾರೆ. ಹೇಳಿದರೆ ಮುಂದಿನ ಜುಲೈಯಲ್ಲಿ ನನಗೇ ಜಾಗವಿರುವುದಿಲ್ಲ.

ತುಮ್ರೈತ್ ಕಳೆದು ಬೆಟ್ಟದ ಮೇಲಿನಿಂದ ಸಲಾಲಾ ಕಡೆಗೆ ಇಳಿಯುವಾಗ ಖರೀಫ್‌ನ, ಅಂದರೆ ಅಲ್ಲಿನ ಮುಂಗಾರಿನ, ಮಂಜು ಒಮ್ಮೆಗೇ ಕವಿಯುತ್ತದೆ. ನಲವತ್ತರ ಮೇಲಿದ್ದ ತಾಪ ಇಪ್ಪತ್ತೈದರ ಆಸುಪಾಸು. ಗಾಜಿನ ಮೇಲಿನ ಧೂಳೆಲ್ಲ ಕೆಸರು, ದಿನವಿಡೀ ಬಿಸಿಲಿಗೆ ಬೆಂದ ವೈಪರ್ ರಬ್ಬರು ಅದನ್ನು ಬಳಿಯುತ್ತದೆಯೇ ಹೊರತು ಒರೆಸುವುದಿಲ್ಲ. ಹೊಸ ಜೋಡಿಯನ್ನು ಡಿಕ್ಕಿಯಲ್ಲಿಟ್ಟು, ತುಮ್ರೈತ್‌ನಲ್ಲೇ ಹಾಕಿಕೊಂಡು ಗೇರು ಇಳಿಸಿ ಹೊರಡುತ್ತೇನೆ.