ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲವೇ? ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

'ಆನ್ ಆಗ್ತಿಲ್ಲ' ಅನ್ನುವ ಒಂದೇ ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ದೋಷಗಳಿರುತ್ತವೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಪವರ್ ಬಟನ್ ಒತ್ತಿ ಸುಮ್ಮನೆ ಗಮನಿಸಿ. ಲೈಟ್ ಬಂತೇ? ಫ್ಯಾನ್ ತಿರುಗಿತೇ? ಲೋಗೋ ಕಾಣಿಸಿತೇ? ಎಲ್ಲಿಯವರೆಗೆ ಬಂದು ನಿಂತಿತು ಎಂಬುದರ ಮೇಲೆ ಮುಂದಿನ ದಾರಿ.

ಪೆನ್‌ಡ್ರೈವ್, ಮೌಸ್ ರಿಸೀವರ್, ಮೆಮೊರಿ ಕಾರ್ಡ್ ಎಲ್ಲವನ್ನೂ ತೆಗೆಯಿರಿ. ಯುಎಸ್‌ಬಿ ಪೋರ್ಟಿನೊಳಗೆ ಪಿನ್ ಬಗ್ಗಿ ಶಾರ್ಟ್ ಆದರೂ ಯಂತ್ರ ಏಳದಿರಬಹುದು. ತಳ ಉಬ್ಬಿದ್ದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿರುತ್ತದೆ: ಚಾರ್ಜ್ ಮಾಡಬೇಡಿ, ಒತ್ತಬೇಡಿ, ಅಲ್ಲಿಗೇ ನಿಲ್ಲಿಸಿ. ನೀರು ಚೆಲ್ಲಿದ್ದರೂ ಅಷ್ಟೇ. 'ಒಮ್ಮೆ ಆನ್ ಮಾಡಿ ನೋಡೋಣ' ಅಂದಾಗಲೇ ಉಳಿಯಬಹುದಾಗಿದ್ದ ಬೋರ್ಡ್ (ಒಳಗಿನ ಮುಖ್ಯ ಫಲಕ, ಮದರ್‌ಬೋರ್ಡ್) ಸುಡುವುದು.

ಲೈಟೂ ಇಲ್ಲ, ಸದ್ದೂ ಇಲ್ಲ

ದುಂಡು ಪಿನ್ನಿನ ಅಡಾಪ್ಟರ್ ಆದರೆ ಮಲ್ಟಿಮೀಟರನ್ನು ಡಿಸಿ ವೋಲ್ಟೇಜಿಗೆ ಇಟ್ಟು, ಕೆಂಪು ತುದಿಯನ್ನು ಪಿನ್ನಿನ ಒಳಗೋಡೆಗೆ, ಕಪ್ಪನ್ನು ಹೊರಗೋಡೆಗೆ ತಾಗಿಸಿ. ಲೇಬಲ್ಲಿನಲ್ಲಿ 19.5 ವೋಲ್ಟ್ ಎಂದಿದ್ದರೆ ಅದರ ಆಸುಪಾಸಿನಲ್ಲೇ ಬರಬೇಕು. ನಡುವೆ ಸಣ್ಣ ಸೂಜಿ ಇದ್ದರೆ ಅದು ಅಡಾಪ್ಟರಿನ ಗುರುತು ಹೇಳುವ ತಂತಿ. ಮೀಟರಿನ ತುದಿ ಅದಕ್ಕೂ ಗೋಡೆಗೂ ಒಟ್ಟಿಗೆ ತಾಗಬಾರದು. ಮೀಟರಿನಲ್ಲಿ ಸರಿ ಕಂಡ ಅಡಾಪ್ಟರ್ ಲೋಡ್ ಬಿದ್ದಾಗ ಕುಸಿಯುವುದೂ ಉಂಟು. ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ವ್ಯಾಟಿನ ಇನ್ನೊಂದನ್ನು ಹಾಕಿ ನೋಡುವುದು ಒಳ್ಳೆಯದು.

ಟೈಪ್-ಸಿ ಚಾರ್ಜರಿಗೆ ಈ ವಿಧಾನ ನಡೆಯದು, ಏಕೆಂದರೆ ಸಾಧನಕ್ಕೆ ಸೇರಿಸುವವರೆಗೆ ಅದು ವೋಲ್ಟೇಜ್ ಕೊಡುವುದಿಲ್ಲ. ಕೊಟ್ಟರೂ ಮೊದಲು 5 ವೋಲ್ಟ್. ಲ್ಯಾಪ್‌ಟಾಪಿನ ಜೊತೆ ಮಾತಾಡಿಕೊಂಡ ಮೇಲಷ್ಟೇ 20ಕ್ಕೆ ಏರುತ್ತದೆ. ನಡುವೆ ಯುಎಸ್‌ಬಿ ಮೀಟರ್ (ವೋಲ್ಟೇಜ್ ತೋರಿಸುವ ಪುಟ್ಟ ಸಾಧನ) ಹಾಕಿದಾಗ 5ರಲ್ಲೇ ನಿಂತರೆ ಕೇಬಲ್, ಚಾರ್ಜರ್ ಅಥವಾ ಈ ಮಾತುಕತೆ ನಡೆಸುವ ಬೋರ್ಡಿನ ಚಿಪ್ (ಪೋರ್ಟ್ ಕಂಟ್ರೋಲರ್) ಮೇಲೆ ಅನುಮಾನ.

ಇನ್ನೊಂದು ಸೂಚನೆ ಹಲವರ ಕಣ್ಣಿಗೆ ಬೀಳುವುದಿಲ್ಲ. ಅಡಾಪ್ಟರಿನ ಮೇಲಿನ ದೀಪ ಲ್ಯಾಪ್‌ಟಾಪಿಗೆ ಚುಚ್ಚಿದ ಕ್ಷಣ ಆರಿ, ಕಿತ್ತು ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಂಡರೆ ಒಳಗೆ ಪವರ್ ಲೈನಿನಲ್ಲಿ ಶಾರ್ಟ್ ಇದೆ. ಅದು ಬೋರ್ಡಿನ ಬಿಡಿ ಚಿಪ್‌ಗಳನ್ನು ರಿಪೇರಿ ಮಾಡುವ 'ಚಿಪ್ ಲೆವೆಲ್' ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ.

ಹಾಗಿಲ್ಲದಿದ್ದರೆ ಅಡಾಪ್ಟರ್ ತೆಗೆದು ತಳ ಬಿಚ್ಚಿ, ಬ್ಯಾಟರಿ ಕನೆಕ್ಟರನ್ನು ತಂತಿ ಎಳೆಯದೆ ಪ್ಲಾಸ್ಟಿಕ್ ಹಿಡಿದು ಬಿಡಿಸಿ. ಪವರ್ ಬಟನನ್ನು 30 ಸೆಕೆಂಡ್ ಒತ್ತಿಹಿಡಿದರೆ ಉಳಿದ ಚಾರ್ಜ್ ಇಳಿಯುತ್ತದೆ. ಈಗ ಅಡಾಪ್ಟರ್ ಮಾತ್ರ ಹಾಕಿ. ಎದ್ದರೆ ಬ್ಯಾಟರಿಯನ್ನು ಮತ್ತೆ ಜೋಡಿಸಿ ನೋಡಿ: ಆಗಲೂ ಎದ್ದರೆ ಸಿಕ್ಕಿಹಾಕಿಕೊಂಡಿದ್ದ ಚಾರ್ಜೇ ಕಾರಣ, ಏಳದಿದ್ದರೆ ಬ್ಯಾಟರಿ.

ಲೈಟಿದೆ, ಪರದೆ ಕಪ್ಪು

ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಪರದೆಗೆ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಪರದೆಯ ಹಿಂದಿನ ಬೆಳಕಾದ ಬ್ಯಾಕ್‌ಲೈಟ್ ಹೋಗಿದೆ. ಎಚ್‌ಡಿಎಂಐಯಲ್ಲಿ ಮಾನಿಟರ್ ಹಾಕಿದಾಗ ಚಿತ್ರ ಬಂದರೆ ತೊಂದರೆ ಪರದೆಯದ್ದು ಅಥವಾ ಅದರ ಕೇಬಲಿನದ್ದು. ಎರಡೂ ಕಡೆ ಕಪ್ಪಾಗಿದ್ದು, ಕ್ಯಾಪ್ಸ್ ಲಾಕ್ ದೀಪವೂ ಒತ್ತಿದಂತೆ ಬದಲಾಗದಿದ್ದರೆ ಮೊದಲ ಅನುಮಾನ ಯಂತ್ರದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಮೇಲೆ.

ಬ್ಯಾಟರಿ ಬಿಡಿಸಿಯೇ ರ‍್ಯಾಮ್ ಮುಟ್ಟಿ. ಎರಡೂ ಬದಿಯ ಕ್ಲಿಪ್ ಸರಿಸಿದರೆ ಸ್ಟಿಕ್ ಓರೆಯಾಗಿ ಮೇಲೇಳುತ್ತದೆ. ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಆರಿದ ಮೇಲೆ ಒಂದೇ ಸ್ಟಿಕ್ ಒಂದೇ ಸ್ಲಾಟಿಗೆ ಹಾಕಿ ಪ್ರಯತ್ನಿಸಿ. ಆಮೇಲೆ ಸ್ಲಾಟ್ ಬದಲಿಸಿ, ನಂತರ ಸ್ಟಿಕ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದೆಂದು ಗೊತ್ತಾಗದು. ರ‍್ಯಾಮ್ ಬದಲಾದ ಮೇಲೆ ಮೊದಲ ಸಲ, ಅದರಲ್ಲೂ ಅದು ಡಿಡಿಆರ್5 ಎಂಬ ಹೊಸ ಪೀಳಿಗೆಯದ್ದಾಗಿದ್ದರೆ, ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಅವಸರದಲ್ಲಿ ಆಫ್ ಮಾಡಬೇಡಿ.

ಪವರ್ ಅಥವಾ ಚಾರ್ಜಿಂಗ್ ದೀಪ ಮಿನುಗುತ್ತಿದ್ದರೆ ಯಾವ ಬಣ್ಣ ಎಷ್ಟು ಸಲ ಎಂದು ಬರೆದುಕೊಂಡು ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ತೆರೆಯಿರಿ. ಡೆಲ್ಲಿನ ಹಲವು ಮಾದರಿಗಳಲ್ಲಿ ಎರಡು ಕಿತ್ತಳೆ, ಮೂರು ಬಿಳಿ ಎಂದರೆ ರ‍್ಯಾಮ್ ಸಿಕ್ಕಿಲ್ಲ ಎಂದು. ಮೂರು ಕಿತ್ತಳೆ, ಒಂದು ಬಿಳಿ ಎಂದರೆ ಒಳಗಿನ ಗಡಿಯಾರ ನಡೆಸುವ ಗುಂಡಿ ಸೆಲ್ ಮುಗಿದಿದೆ ಎಂದು.

ಲೋಗೋ ಬಂದು ನಿಲ್ಲುತ್ತದೆ

ಬಯೋಸ್ (ವಿಂಡೋಸಿಗೂ ಮೊದಲು ಬರುವ, ಯಂತ್ರದ ಮೂಲ ಸೆಟ್ಟಿಂಗ್ ಪರದೆ) ತೆರೆದು, ಫೈಲುಗಳಿರುವ ಡ್ರೈವ್ ಆದ ಎಸ್‌ಎಸ್‌ಡಿಯ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಬ್ಯಾಟರಿ ಬಿಡಿಸಿ, ಎಸ್‌ಎಸ್‌ಡಿಯನ್ನು ತೆಗೆದು ಮತ್ತೆ ಕೂರಿಸಿ. ಬಯೋಸಿಗೇ ಹೋಗಲಾಗದಿದ್ದರೆ ಎಸ್‌ಎಸ್‌ಡಿಯನ್ನು ಪೂರ್ತಿ ತೆಗೆದು ಆನ್ ಮಾಡಿ. ಕೆಟ್ಟ ಡ್ರೈವ್ ಇಡೀ ಯಂತ್ರವನ್ನೇ ಹಿಡಿದು ನಿಲ್ಲಿಸಬಲ್ಲದು. ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮನ್ನು ನೇರವಾಗಿ ಓಡಿಸುವ 'ಲೈವ್' ಪೆನ್‌ಡ್ರೈವಿನಿಂದ ಸಲೀಸಾಗಿ ಎದ್ದರೆ ಬೋರ್ಡ್, ರ‍್ಯಾಮ್ ಬಹುಮಟ್ಟಿಗೆ ಸರಿಯಿವೆ; ಉಳಿದದ್ದು ಡ್ರೈವ್ ಅಥವಾ ವಿಂಡೋಸ್. ಆಗ ಮೊದಲು ಫೈಲುಗಳನ್ನು ನಕಲು ಮಾಡಿಕೊಳ್ಳಿ. ರಿಪೇರಿ ಟೂಲ್ ಓಡಿಸುವುದು ಆಮೇಲೆ, ಸಾಯುತ್ತಿರುವ ಡ್ರೈವಿಗೆ ಅದು ಕೊನೆಯ ಹೊಡೆತವಾಗಬಹುದು.

ಬಯೋಸ್ ಪರದೆಯಲ್ಲೇ ಬಿಟ್ಟರೂ ಕೆಲವು ನಿಮಿಷಕ್ಕೆ ತಾನಾಗಿ ಆಫ್ ಆದರೆ ವಿಂಡೋಸನ್ನು ದೂರಬೇಡಿ, ಬಿಸಿ ಏರಿ ನಿಲ್ಲುತ್ತಿರಬಹುದು: ಫ್ಯಾನ್ ಮತ್ತು ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ನೋಡಿ.

ಕೊನೆಗೆ ಮದರ್‌ಬೋರ್ಡನ್ನೇ ಬದಲಿಸಬೇಕಾಗಿ ಬಂದರೆ, ಡ್ರೈವಿಗೆ ವಿಂಡೋಸಿನ ಗೂಢಲಿಪಿ ಬೀಗವಾದ ಬಿಟ್‌ಲಾಕರ್ ಹಾಕಿರಬಹುದು ಎಂಬುದು ನೆನಪಿರಲಿ. ಹೊಸ ಬೋರ್ಡಿನಲ್ಲಿ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ಎಂದು ರಿಪೇರಿಗೆ ಕೊಡುವ ಮುನ್ನವೇ ಹುಡುಕಿಟ್ಟುಕೊಳ್ಳಿ.